ತಗ್ಗಿಸಿದ ಫಿಯಟ್ಟಿಗೊಂದು ಜಾಕು

ಮದ್ದೂರಿನಲ್ಲಿ ಮಳವಳ್ಳಿ ರಸ್ತೆ ಹಿಡಿದು ಸ್ವಲ್ಪ ದೂರ ಹೋದರೆ ಎಡಗಡೆಗೆ ಸಿದ್ದರಾಜುವಿನ ವರ್ಕ್‌ಶಾಪು. ವರ್ಕ್‌ಶಾಪು ಅಂದರೆ ಒಂದು ತಗಡಿನ ಚಪ್ಪರ, ಮುಂದೊಂದು ಹುಣಸೆಮರ, ಮರದಡಿಯಲ್ಲಿ ಕಾದು ಕೂರುವವರಿಗೊಂದು ಕಲ್ಲುಬೆಂಚು. ಸಿದ್ದರಾಜುವಿನ ಹೆಂಡತಿ ಇಂದ್ರಮ್ಮನ ಅಣ್ಣ ಚೌಡಯ್ಯ ಅವನ ಜೊತೆಗಾರ. ಎಂಜಿನ್ನಿನ ಕೆಲಸ ಸಿದ್ದರಾಜುವಿನದು, ಗಾಡಿಯಡಿಯ ಕೆಲಸ ಚೌಡಯ್ಯನದು. ಹೀಗೆಂದು ಯಾರೂ ಕೂತು ತೀರ್ಮಾನ ಮಾಡಿರಲಿಲ್ಲ. ಚೌಡಯ್ಯ ಸಣಕಲು ಆಸಾಮಿ, ಅಂಬಾಸಡರ್ ಕಾರಿನಡಿಗೆ ಜಾಕಿಲ್ಲದೆಯೂ ನುಸುಳಿಬಿಡುತ್ತಿದ್ದ. ಸಿದ್ದರಾಜುವಿಗೆ ಹೊಟ್ಟೆ ಅಡ್ಡ ಬರುತ್ತಿತ್ತು.

ಎಪ್ಪತ್ನಾಲ್ಕರ ದೀಪಾವಳಿ ಕಳೆದ ಮೇಲೆ ಆ ಚಪ್ಪರದ ಮುಂದೆ ಬಂದು ನಿಂತಿತು, ನೆಲ ನೆಕ್ಕುವಂತಿದ್ದ ಒಂದು ಫಿಯಟ್ ಕಾರು. ಮಂಡ್ಯದ ಕಾರ್ಖಾನೆಯೊಂದರಲ್ಲಿ ಎಂಜಿನಿಯರಾಗಿದ್ದ ವೆಂಕಟೇಶಮೂರ್ತಿ ಅದರ ಒಡೆಯ. ಬೆಂಗಳೂರಿನ ಸ್ನೇಹಿತನೊಬ್ಬ ರೇಸಿಗೆಂದು ಸ್ಪ್ರಿಂಗು ಕತ್ತರಿಸಿ ತಗ್ಗಿಸಿದ್ದ ಕಾರನ್ನು ಇವರು ಇಷ್ಟಪಟ್ಟು ತಂದಿದ್ದರು. ತಿರುವಿನಲ್ಲಿ ರಸ್ತೆಗೆ ಅಂಟಿಕೊಂಡೇ ಹೋಗುತ್ತದೆ ಎಂದು ಮಗುವಿನಂತೆ ಹಿಗ್ಗಿ ಹೇಳುತ್ತಿದ್ದರು. ತಿರುವಿನ ಮಾತು ಹೇಗೋ ಏನೋ, ಹಳ್ಳದಿಣ್ಣೆ ಬಂದ ಕಡೆಯಲ್ಲೆಲ್ಲ ಅದರ ಹೊಟ್ಟೆ ಉಜ್ಜುತ್ತಿತ್ತು. ತಿಂಗಳಿಗೊಮ್ಮೆಯಾದರೂ ಸೈಲೆನ್ಸರಿನ ಪೈಪು ಕಿತ್ತುಕೊಂಡು ಬರುತ್ತಿತ್ತು.

ಕೆಲಸವೇನೋ ಸರಿ, ಅದನ್ನು ಎತ್ತುವುದೇ ಪೀಕಲಾಟ. ವರ್ಕ್‌ಶಾಪಿನಲ್ಲಿದ್ದ ಸ್ಕ್ರೂ ಜಾಕು ಅದರಡಿಗೆ ತೂರುತ್ತಲೇ ಇರಲಿಲ್ಲ. ಹಲಗೆ ಇಟ್ಟು ಚಕ್ರ ಹತ್ತಿಸಿ, ಆಮೇಲೆ ಜಾಕು ತೂರಿಸಿ, ಹಲಗೆ ಎಳೆದು, ಒಂದು ಪೈಪು ಕಟ್ಟುವುದಕ್ಕೆ ಅರ್ಧ ಬೆಳಗು ಕಳೆಯುತ್ತಿತ್ತು. ಒಂದು ಸಲ ಹಲಗೆ ಮುರಿದು ಎಂಜಿನ್ನಿನ ಎಣ್ಣೆ ತೊಟ್ಟಿ ನೆಗ್ಗಿ ಹೋಯಿತು. ಆ ದಿನ ವೆಂಕಟೇಶಮೂರ್ತಿಗಳೇ ಹೇಳಿದರು. "ಸಿದ್ದರಾಜು, ಚಕ್ರ ಇರೋ ಜಾಕು ಬರುತ್ತಪ್ಪ, ಟ್ರಾಲಿ ಜಾಕು. ಉದ್ದಕ್ಕೆ ತಳ್ಳಿ ಹಿಡಿ ಆಡಿಸಿದರೆ ಆಯ್ತು. ಒಂದು ತಗೊಂಬಿಡು, ಬೇರೆ ಗಾಡಿಗೂ ಆಗುತ್ತೆ."

ಸಿದ್ದರಾಜುವಿಗೂ ಆ ಆಸೆ ಇತ್ತು. ಭಾನುವಾರ ಬಿಟ್ಟು ಸೋಮವಾರ ಅವನೂ ಚೌಡಯ್ಯನೂ ಅದೇ ಫಿಯಟ್ಟಿನಲ್ಲಿ ಕೂತು ಮಂಡ್ಯಕ್ಕೆ ಹೋದರು. ಜಾಕು ಕೊಳ್ಳಬೇಕಾದರೆ ಕಾರಿನಡಿ ತೂರಿಸಿಯೇ ಕೊಳ್ಳಬೇಕು ಎನ್ನುವುದು ಚೌಡಯ್ಯನ ಹಟ.

ಪೇಟೆಯ ಗಾಡಿಸಾಮಾನಿನ ಅಂಗಡಿಯಲ್ಲಿ ಮೂರು ಜಾಕು ಇದ್ದವು. ಒಂದು ಹೊಸದು, ಕೆಂಪು ಬಣ್ಣದ್ದು, ಲಾರಿ ಎತ್ತುವಂಥದ್ದು. ಅದರ ತಲೆಯೇ ಕಾರಿನ ಬಂಪರಿಗೆ ಬಡಿದು ನಿಂತಿತು. ಎರಡನೆಯದು ಮೋಟು. ಅಡಿಗೇನೋ ಹೋಯಿತು, ಆದರೆ ಎಷ್ಟು ಹಿಡಿ ಆಡಿಸಿದರೂ ಚಕ್ರ ನೆಲ ಬಿಟ್ಟಿತೋ ಇಲ್ಲವೋ ಎನ್ನುವಷ್ಟೇ ಎತ್ತಿತು. ಮೂರನೆಯದನ್ನು ಅಂಗಡಿಯವನು ಗೋಣಿತಾಟು ಸರಿಸಿ ಒಳಗಿಂದ ಎಳೆದು ತಂದ. ಹಳೆಯದು, ಮಿಲಿಟರಿಯವರ ಹರಾಜಿನಲ್ಲಿ ಬಂದದ್ದು. ಮೊಸಳೆಯ ಹಾಗೆ ಉದ್ದ, ಮೊಸಳೆಯ ಹಾಗೇ ನೆಲಕ್ಕೆ ಒರಗಿಕೊಂಡಿತ್ತು. ಫಿಯಟ್ಟಿನಡಿಗೆ ಸರಾಗವಾಗಿ ಸರಿಯಿತು. ಹಿಡಿ ನಾಲ್ಕು ಸಲ ಆಡಿಸಿದ್ದೇ ತಡ, ಕಾರಿನ ಮೂತಿ ಮೇಲೆದ್ದಿತು. ದಾರಿಯಲ್ಲಿ ಹೋಗುತ್ತಿದ್ದವರೂ ನಿಂತು ನೋಡಿದರು. ಸಿದ್ದರಾಜುವಿಗೆ ಅಲ್ಲೇ ಮನಸ್ಸು ಸೋತುಹೋಯಿತು.

ಚೌಡಯ್ಯ ಕುಕ್ಕುರುಗಾಲಲ್ಲಿ ಕೂತು ಜಾಕಿನ ಎಣ್ಣೆಕೊಳವೆಯ ಮೇಲೆ ಬೆರಳಾಡಿಸಿ, ಬೆರಳನ್ನು ಮೂಗಿಗೆ ಹಿಡಿದ.

"ಇದು ಬೆವರ್ತಾ ಅದೆ ಕಣ್ಲಾ ಸಿದ್ದ."

"ಅಳೇದು ಅಂದ್ಮ್ಯಾಲೆ ವಸಿ ಎಣ್ಣೆ ಇರ್ತದೆ ಬುಡು ಬಾವ," ಎಂದ ಸಿದ್ದರಾಜು.

"ಎಣ್ಣೆ ತಡೆಯೋ ಒಳಗಿನ ವಾಷರು ಹೊಸದು ಹಾಕ್ಸಿದ್ದೀನಿ ಸ್ವಾಮಿ," ಎಂದ ಅಂಗಡಿಯವನು. "ಅದು ಒರೆಸಿದ ಎಣ್ಣೆ."

ಚೌಡಯ್ಯ ಬೆರಳನ್ನು ಪಂಚೆಗೆ ಒರೆಸಿಕೊಂಡು ಎದ್ದ. ಬಾವನೇ ಸುಮ್ಮನಾದ ಮೇಲೆ ಸರಿಯೇ ಇರಬೇಕು ಎಂದುಕೊಂಡ ಸಿದ್ದರಾಜು.

ಜಾಕು ಬಂದ ಮೇಲೆ ವರ್ಕ್‌ಶಾಪಿಗೆ ಒಂದು ಕಳೆ ಬಂತು. ಅದರ ಚಕ್ರ ಓಡಲೆಂದು ಚಪ್ಪರದ ಮುಂಭಾಗಕ್ಕೆ ಕಲ್ಲುಚಪ್ಪಡಿ ಹಾಸಿದರು. ಹಿಂಭಾಗ ಮಣ್ಣುನೆಲವಾಗಿಯೇ ಉಳಿಯಿತು. ಕಾರು ಎತ್ತಿದ ಮೇಲೆ ಅಡಿಗೆ ಮರದ ದಿಮ್ಮಿ ಕೊಟ್ಟೇ ಚೌಡಯ್ಯ ಒಳಗೆ ಹೋಗುತ್ತಿದ್ದ. ಮೊದಮೊದಲು ಪ್ರತಿ ಸಲವೂ ಕೊಟ್ಟ. ಆಮೇಲೆ ದೊಡ್ಡ ಕೆಲಸವಿದ್ದಾಗ ಕೊಟ್ಟ. ಜಾಕು ಒಂದು ದಿನವೂ ತಕರಾರು ಮಾಡಲಿಲ್ಲ.

ಶಿವರಾತ್ರಿಯ ಹಿಂದುಮುಂದಿನ ಒಂದು ಬೆಳಗ್ಗೆ ಫಿಯಟ್ ಮತ್ತೆ ಗಡಗಡ ಸದ್ದು ಮಾಡುತ್ತ ಬಂತು. ವೆಂಕಟೇಶಮೂರ್ತಿಗಳ ಜೊತೆ ಅವರ ತಾಯಿ ಪಂಕಜಮ್ಮನೂ ಇದ್ದರು. ಮಳವಳ್ಳಿಯಲ್ಲಿ ಮೊಮ್ಮಗಳ ಮಗುವಿಗೆ ನಾಮಕರಣ. ಮಡಿಸೀರೆ ಉಟ್ಟು, ಬೆಳ್ಳಿಯ ಚೊಂಬಿಗೆ ಬಾಳೆಲೆ ಮುಚ್ಚಿ ಮಡಿಲಲ್ಲಿಟ್ಟುಕೊಂಡು ಕೂತಿದ್ದ ಮುದುಕಿ ಇಳಿದು, ಹುಣಸೆಮರದಡಿಯ ಬೆಂಚನ್ನು ಒಂದು ಸಲ ನೋಡಿ, ಅದರ ಮೇಲೆ ಬಟ್ಟೆ ಹಾಸಿ ಕೂತರು.

"ಪೈಪು ಜೋತಾಡ್ತಿದೆ ಸಿದ್ದರಾಜು. ಹೊತ್ತಿಗೆ ಸರಿಯಾಗಿ ಹೋಗ್ಬೇಕು," ಎಂದರು ವೆಂಕಟೇಶಮೂರ್ತಿ.

"ಒಂದು ಬೋಲ್ಟಿನ ಕೆಲ್ಸ ಸ್ವಾಮಿ. ಅಷ್ಟರಲ್ಲಿ ಎದುರುಗಡೆ ಓಗಿ ಕಾಪಿ ಕುಡ್ಕಂಡು ಬನ್ನಿ," ಎಂದ ಸಿದ್ದರಾಜು.

ಅವರು ರಸ್ತೆ ದಾಟಿ ಹೋಟೆಲಿಗೆ ಹೋದರು. ಸಿದ್ದರಾಜು ಜಾಕನ್ನು ಮುಂಭಾಗದಿಂದ ತಳ್ಳಿ ಹಿಡಿ ಆಡಿಸಿದ. ಕಾರು ಮೂತಿ ಎತ್ತಿತು. ಚೌಡಯ್ಯ ದಿಮ್ಮಿಯ ಕಡೆ ತಿರುಗಿದ.

"ಒಂದು ಬೋಲ್ಟಿಗೆ ಅದ್ಯಾಕ್ ಬಾವ," ಎಂದ ಸಿದ್ದರಾಜು. "ನಾನ್ ಇಲ್ಲೇ ಇಡಿ ಇಡ್ಕಂಡು ನಿಂತಿರ್ತೀನಿ, ಓಗು."

ಚೌಡಯ್ಯ ಸ್ಪಾನರು ಕಚ್ಚಿಕೊಂಡು ಮುಂದಿನ ಚಕ್ರದ ಹಿಂದಿನಿಂದ ಅಡ್ಡಡ್ಡಲಾಗಿ ಒಳಗೆ ಸರಿದ. ಅವನ ಮೊಣಕಾಲು ಮಾತ್ರ ಹೊರಗಿತ್ತು. ಒಳಗಿನಿಂದ ಅವನು ಏನೋ ಗುನುಗುತ್ತಿದ್ದದ್ದು ಸಿದ್ದರಾಜುವಿಗೆ ಕೇಳಿಸಿತು. ಬೋಲ್ಟು ಕಿರ್ರೆಂದು ಬಿಗಿಯುವುದೂ ಕೇಳಿಸಿತು.

ಆಮೇಲೆ ಹಿಡಿಯ ಬುಡದಲ್ಲಿ ಉಸ್ ಎಂದಿತು. ಹಾವಿನ ಮರಿ ಹರಿದುಹೋದಂತೆ ಅಷ್ಟೇ ಸಣ್ಣ ಸದ್ದು. ಸಿದ್ದರಾಜು ಅದೇನೆಂದು ಬಗ್ಗಿ ನೋಡುವುದಕ್ಕೂ ಮುಂಚೆ ಕಾರು ಕೂತುಬಿಟ್ಟಿತು. ದಢಾರೆಂದು ಬೀಳಲಿಲ್ಲ. ಸುಸ್ತಾದ ಎಮ್ಮೆ ಮೊಣಕಾಲೂರಿ ಕೂತಂತೆ, ತನ್ನ ಪಾಡಿಗೆ ತಾನು ಕೂತಿತು. ಗುನುಗು ನಿಂತಿತು. ಹೊರಗಿದ್ದ ಕಾಲು ಒಂದು ಸಲ ನೆಲ ಒದೆಯಿತು.

ಬೇರೆ ಯಾವ ಕಾರಾಗಿದ್ದರೂ ತನ್ನ ಚಕ್ರದ ಮೇಲೆ ನಿಲ್ಲುತ್ತಿತ್ತು, ಅಡಿಗೆ ಒಬ್ಬ ಮನುಷ್ಯ ಉಸಿರಾಡುವಷ್ಟು ಜಾಗ ಇರುತ್ತಿತ್ತು. ಇದಕ್ಕೆ ಅಡಿಯೇ ಇರಲಿಲ್ಲ. ಸ್ಪ್ರಿಂಗಿನ ಜೊತೆಗೇ ಕತ್ತರಿಸಿ ತೆಗೆದಿದ್ದ ಜಾಗ ಅದು.

ಸಿದ್ದರಾಜು ಹಿಡಿ ಹಿಡಿದುಕೊಂಡೇ ನಿಂತಿದ್ದ. ಎತ್ತಬೇಕು, ಕೂಗಬೇಕು, ಸ್ಕ್ರೂ ಜಾಕು ತರಬೇಕು, ಹಲಗೆ ತೂರಿಸಬೇಕು. ಇವೆಲ್ಲ ಅವನಿಗೆ ಗೊತ್ತಿತ್ತು. ಗೊತ್ತಿದ್ದದ್ದೆಲ್ಲ ದೂರದಲ್ಲಿ ಯಾರದೋ ಮನೆಯಲ್ಲಿ ಯಾರೋ ಆಡುವ ಮಾತಿನಂತಿತ್ತು. ಕೈ ಹಿಡಿಯನ್ನು ಬಿಡಲಿಲ್ಲ. ಕಾಲು ಚಪ್ಪಡಿಯನ್ನು ಬಿಡಲಿಲ್ಲ. ಎದುರು ಹೋಟೆಲಿನ ಬೋರ್ಡಿನಲ್ಲಿ ಒಂದು ಅಕ್ಷರದ ಬಣ್ಣ ಉದುರಿರುವುದನ್ನು ಅವನು ನೋಡುತ್ತಿದ್ದ.

ಬೆಂಚಿನಿಂದ ಎದ್ದವರು ಪಂಕಜಮ್ಮ. ಚೊಂಬು ಉರುಳಿ ನೀರು ಚೆಲ್ಲಿತು. "ಏನೋ ಇದು, ಒಳಗೆ ಇದ್ದಾನಲ್ಲೋ ಅವನು. ಎತ್ತೋ," ಎಂದರು. ಸಿದ್ದರಾಜು ಅವರ ಮುಖ ನೋಡಿದ. ಅವರು ಅವನ ತೋಳು ಹಿಡಿದು ಅಲ್ಲಾಡಿಸಿದರು. "ಎತ್ತೋ ಅಂದ್ರೆ. ಕಲ್ಲಾಗಿ ನಿಂತೆಯಲ್ಲೋ." ಅವನು ಅಲ್ಲಾಡಲಿಲ್ಲ. ಮುದುಕಿ ತಾವೇ ಬಗ್ಗಿ ಬಂಪರಿಗೆ ಎರಡೂ ಕೈ ಹಾಕಿ ಎಳೆದರು. ಕಾರು ಅಲುಗಲಿಲ್ಲ. ಅಷ್ಟರಲ್ಲಿ ಮಳವಳ್ಳಿ ಕಡೆಯಿಂದ ಬಸ್ಸು ಬಂತು. ಪಂಕಜಮ್ಮ ಸೆರಗು ಜಾರಿದ್ದನ್ನೂ ನೋಡದೆ ಓಡಿಹೋಗಿ ರಸ್ತೆಯ ನಟ್ಟನಡುವೆ ಎರಡೂ ಕೈ ಅಗಲಿಸಿ ನಿಂತರು.

ಬಸ್ಸು ಅವರ ಎದೆಯ ಮುಂದೆ ಕಿರುಚಿಕೊಂಡು ನಿಂತಿತು. ಡ್ರೈವರು ಬೈಯಲು ಬಾಯಿ ತೆರೆದವನು ಅವರ ಮುಖ ಕಂಡು ಮುಚ್ಚಿಕೊಂಡ.

"ಕಾರಿನಡಿ ಒಬ್ಬ ಸಿಕ್ಕೊಂಡಿದ್ದಾನೆ. ಗಂಡಸರೆಲ್ಲ ಇಳೀರಿ," ಎಂದರು.

ಜನ ಬಸ್ಸಿನಿಂದ ಸುರಿದರು. ಕಂಡಕ್ಟರು, ಸಂತೆಗೆ ಹೊರಟಿದ್ದ ಬಂಡೂರಿನ ಕುರಿಯವರು, ಕೊಡಲಿ ಹಿಡಿದಿದ್ದ ಒಬ್ಬ, ಹೋಟೆಲಿನಿಂದ ಕಾಫಿ ಲೋಟ ಎಸೆದು ಓಡಿಬಂದ ವೆಂಕಟೇಶಮೂರ್ತಿ. ಬಂಪರಿಗೆ, ಚಕ್ರದ ಗೂಡಿಗೆ, ಬಾಗಿಲಿನಡಿಗೆ, ಕೈ ಸಿಕ್ಕ ಕಡೆಯೆಲ್ಲ ಹಿಡಿದರು. ಅವರ ನಡುವೆ ಮಡಿಸೀರೆಯ ಪಂಕಜಮ್ಮ ಕುರಿಯವನ ಹೆಗಲಿಗೆ ಹೆಗಲು ಕೊಟ್ಟು ನಿಂತಿದ್ದರು. "ಐಸಾ," ಎಂದ ಕಂಡಕ್ಟರು. ಕಾರು ಎದ್ದಿತು. ಇಬ್ಬರು ಚೌಡಯ್ಯನ ಕಾಲು ಹಿಡಿದು ಎಳೆದರು.

ಅವನ ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ತುಟಿಯ ಕೊನೆಯಲ್ಲಿ ರಕ್ತ. ಸ್ಪಾನರು ಇನ್ನೂ ಮುಷ್ಟಿಯಲ್ಲಿತ್ತು. ಯಾರೋ ಅವನ ಎದೆಗೆ ಕಿವಿ ಇಟ್ಟು, "ಅದೆ, ಅದೆ, ಉಸ್ರು ಅದೆ," ಎಂದರು. ಬಸ್ಸಿನಲ್ಲಿದ್ದ ಹೆಂಗಸರು ಸೀಟು ಬಿಟ್ಟರು. ಅವನನ್ನು ಉದ್ದಕ್ಕೆ ಮಲಗಿಸಿ, ಬಸ್ಸು ದಾರಿಯಲ್ಲಿ ಎಲ್ಲೂ ನಿಲ್ಲದೆ ಮಂಡ್ಯದ ಆಸ್ಪತ್ರೆಗೆ ಓಡಿತು. ಸಿದ್ದರಾಜುವನ್ನು ಬಸ್ಸಿಗೆ ಹತ್ತಿಸಿದವರು ಯಾರೆಂದು ಅವನಿಗೆ ಕೊನೆಗೂ ಗೊತ್ತಾಗಲಿಲ್ಲ. ಗೆಜ್ಜಲಗೆರೆ ದಾಟುವಾಗ ನೋಡಿಕೊಂಡ, ಕೈಯಲ್ಲಿ ಜಾಕಿನ ಹಿಡಿ ಇತ್ತು. ಕಿತ್ತುಕೊಂಡು ಬಂದಿದ್ದ.

ಚೌಡಯ್ಯ ಸಾಯಲಿಲ್ಲ. ಪಕ್ಕೆಲುಬು ಮುರಿದಿದ್ದವು, ಎಡಭುಜದ ಮೂಳೆ ಮುರಿದಿತ್ತು. ಎಣ್ಣೆ ಕುಡಿದ ಮಣ್ಣನ್ನು ವಾರವಾರ ಕೆರೆದು ಹೊರಹಾಕುತ್ತಿದ್ದುದರಿಂದ ಅವನು ಮಲಗಿದ್ದ ಕಡೆ ನೆಲ ಸ್ವಲ್ಪ ಗುಳಿಬಿದ್ದಿತ್ತು. ಅಲ್ಲಿಗೂ ಚಪ್ಪಡಿ ಹಾಸಿದ್ದರೆ ಕಥೆ ಬೇರೆಯಾಗುತ್ತಿತ್ತು ಎಂದರು ಡಾಕ್ಟರು. ಹಾಸಬೇಕೆಂದು ಸಿದ್ದರಾಜು ಆಗಲೇ ಕಲ್ಲು ಹೇಳಿದ್ದ.

ಮಾತಾಡುವಷ್ಟು ಉಸಿರು ಬಂದ ದಿನ ಚೌಡಯ್ಯ ಸೂರು ನೋಡುತ್ತ ಹೇಳಿದ. "ಅಡೀಲಿಂದ ನಿನ್ ಕಾಲ್ ಕಾಣ್ತಿದ್ವು ಕಣ್ಲಾ. ಬಂಪರ್‌ನ ಸಂದೀಲಿ. ಅಲ್ಲಾಡ್ನೇ ಇಲ್ಲ. ಈಗ ಓಯ್ತಾನೆ, ಈಗ ಓಯ್ತಾನೆ, ಜನ ಕರ್ಕಬತ್ತಾನೆ ಅಂತ ಅವನ್ನೇ ನೋಡ್ತಿದ್ದೆ. ಆಮ್ಯಾಕೆ ಕಣ್ ಕತ್ಲೆ ಬಂತು."

ಕೋಪದಲ್ಲಿ ಹೇಳಲಿಲ್ಲ. ಕಂಡ ಕನಸು ಹೇಳಿದ ಹಾಗೆ ಹೇಳಿದ. ಮಂಚದ ಕಾಲುದೆಸೆಯಲ್ಲಿ ಗಂಜಿಯ ಪಾತ್ರೆ ಹಿಡಿದು ಕೂತಿದ್ದ ಇಂದ್ರಮ್ಮ ಗಂಡನ ಕಡೆ ತಿರುಗಿದಳು.

"ನೀನ್ ಓಗಿ ಜನ ಕರೀಲಿಲ್ವಾ?"

ಸಿದ್ದರಾಜು ಬಾವನ ಹೊದಿಕೆಯ ಅಂಚು ಎಳೆದು ಸರಿಮಾಡಿದ. ಅವಳು ಮತ್ತೆ ಕೇಳಲಿಲ್ಲ. ಅಂದಿನಿಂದ ಮನೆಯಲ್ಲಿ ಅವನ ಮುಂದೆ ತಟ್ಟೆ ಇಡುವಾಗ ಸದ್ದಾಗದ ಹಾಗೆ ಇಡುತ್ತಿದ್ದಳು. ಏಕೆಂದರೆ ಸಣ್ಣ ಸದ್ದಿಗೂ ಅವನು ಬೆಚ್ಚುತ್ತಿದ್ದ. ಒಲೆಯ ಮೇಲಿನ ಅಕ್ಕಿ ಉಕ್ಕಿ ಉಸ್ ಎಂದರೂ ಎದ್ದು ಹೊರಗೆ ಹೋಗಿಬಿಡುತ್ತಿದ್ದ.

ಒಂದು ದಿನ ಧೈರ್ಯ ಮಾಡಿ ಜಾಕು ಬಿಚ್ಚಿದ. ಒಳಗಿನ ವಾಷರು ಹೊಸದಾಗಿರಲಿಲ್ಲ. ಹಳೆಯದನ್ನೇ ಮಗ್ಗುಲು ಬದಲಾಯಿಸಿ ಹಾಕಿದ್ದರು, ಅದು ಉದ್ದಕ್ಕೆ ಸೀಳಿತ್ತು. ಅವನ ಮೈ ಉರಿಯಿತು. ವಾಷರನ್ನು ಜೇಬಿಗೆ ಹಾಕಿಕೊಂಡು, ಅಂಗಡಿಯವನ ಕೊರಳಪಟ್ಟಿ ಹಿಡಿಯಬೇಕೆಂದು ಬಸ್ಸು ಹತ್ತಿದ. ಅಂಗಡಿಯವನು ವಾಷರು ನೋಡಿದ, ವಿಷಯ ಕೇಳಿದ, ನಿಂತಿದ್ದವನು ಹಾಗೇ ಸ್ಟೂಲಿನ ಮೇಲೆ ಕುಸಿದ.

"ಹಾಕಿದೀನಿ ಅಂದ ಸ್ವಾಮಿ ನನಗೆ ಕೊಟ್ಟೋನು. ನಾನೂ ಬಿಚ್ಚಿ ನೋಡ್ಲಿಲ್ಲ." ವಾಷರನ್ನು ಕೈಯಲ್ಲಿ ತಿರುಗಿಸುತ್ತ, ನಿಜವಾಗಿ ತಿಳಿಯದೆಯೇ ಕೇಳಿದ. "ಅಲ್ಲ, ಅಡಿಗೆ ದಿಮ್ಮಿ ಕೊಟ್ಟಿರ್ಲಿಲ್ವಾ?"

ಸಿದ್ದರಾಜು ಅವನ ಕೊರಳಪಟ್ಟಿ ಹಿಡಿಯಲಿಲ್ಲ. ಅಂಗಡಿಯಿಂದ ಇಳಿದು, ಬಸ್ಸು ನಿಲ್ದಾಣದ ದಾರಿ ತಪ್ಪಿ, ಪೇಟೆಯ ಗಲ್ಲಿಗಳಲ್ಲಿ ಬಿಸಿಲೇರುವವರೆಗೂ ತಿರುಗಿದ.

ಪಂಕಜಮ್ಮ ವರ್ಕ್‌ಶಾಪಿಗೆ ಬಂದದ್ದು ಅದಾದ ಮೇಲೆ. ಫಿಯಟ್ಟಿನಲ್ಲಿ ಬರಲಿಲ್ಲ. ಆ ಕಾರಿಗೆ ಇನ್ನು ಕಾಲಿಡುವುದಿಲ್ಲ ಎಂದು ಮಗನಿಗೆ ಹೇಳಿ ಬಸ್ಸಿನಲ್ಲಿ ಬಂದಿದ್ದರು. ಚೌಡಯ್ಯ ಹೇಗಿದ್ದಾನೆಂದು ವಿಚಾರಿಸಿದರು. ಹಣ್ಣು ಕೊಟ್ಟರು. ಹೊರಡುವ ಮುಂಚೆ ಬೆಂಚಿನ ಮೇಲೆ ಕೂತು, "ನಿನ್ನ ಮೇಲೆ ಕೂಗಿದೆನಲ್ಲಪ್ಪ ಅವತ್ತು," ಎಂದರು.

"ಕೂಗ್ಬೇಕಾದ್ದೇ ಕಣಮ್ಮಾರೆ. ನಾನ್ ನಿಂತೇ ಇದ್ದೆ. ಬಾವ ಅಡೀಲಿ ಇದ್ದ, ನಾನು ನಿಂತೇ ಇದ್ದೆ."

"ನಮ್ಮ ಯಜಮಾನರು ಸ್ನಾನಕ್ಕೆ ಹೋದೋರು ಬಾವಿಕಟ್ಟೆ ಮೇಲೆ ಬಿದ್ದರು," ಎಂದರು ಪಂಕಜಮ್ಮ. "ನಾನು ಬಾಗಿಲಲ್ಲೇ ಇದ್ದೆ. ಕೈಯಲ್ಲಿ ಒಗೆದ ಪಂಚೆ ಇತ್ತು. ಅದನ್ನ ಮಡಿಚೋಕೆ ಶುರು ಮಾಡಿದೆ. ಮಡಿಚಿ, ಗೂಟಕ್ಕೆ ಹಾಕಿ, ಆಮೇಲೆ ಹೋದೆ. ಅಷ್ಟರಲ್ಲಿ ಮುಗಿದಿತ್ತು. ಯಾರಿಗೂ ಹೇಳಿಲ್ಲ. ವೆಂಕಟೇಶನಿಗೂ ಗೊತ್ತಿಲ್ಲ."

ಸಿದ್ದರಾಜು ಅವರನ್ನೇ ನೋಡಿದ. ಸಮಾಧಾನ ಮಾಡುವುದಕ್ಕೆ ಹೇಳಿದ ಮಾತಾಗಿ ಅವನಿಗೆ ಕಾಣಲಿಲ್ಲ. ಅವರ ಕೈ ಮಡಿಲಿನಲ್ಲಿ ಇಲ್ಲದ ಪಂಚೆಯೊಂದನ್ನು ಮಡಿಚುವಂತೆ ಅಲುಗುತ್ತಿತ್ತು. ಬಸ್ಸು ಬಂದಾಗ ಅವರು ಎದ್ದು ಹೋದರು.

ಅವತ್ತೇ ಸಂಜೆ ಸಿದ್ದರಾಜು ಚೌಡಯ್ಯನ ಮನೆಗೆ ಹೋದ. ಜಗಲಿಯ ಮೇಲೆ ದಿಂಬಿಗೆ ಒರಗಿ ಕೂತಿದ್ದ ಬಾವನ ಎದುರು ನಿಂತೇ ಹೇಳಿದ.

"ನಾನ್ ಜನ ಕರೆಯಾಕೆ ಓಗ್ಲಿಲ್ಲ ಬಾವ. ಕಾರ್ ಎತ್ತಾಕೂ ಕೈ ಆಕ್ಲಿಲ್ಲ. ದಿಮ್ಮಿ ಬ್ಯಾಡ ಅಂದೋನೂ ನಾನೇ."

ಚೌಡಯ್ಯ ದಿಂಬು ಸರಿಸಿಕೊಂಡು ನೆಟ್ಟಗೆ ಕೂತ. ಉಸಿರು ಎಳೆದುಕೊಂಡಾಗ ಪಕ್ಕೆ ನೋಯುತ್ತಿದ್ದುದು ಮುಖದಲ್ಲಿ ಕಾಣುತ್ತಿತ್ತು.

"ಬೆವರ್ತಾ ಅದೆ ಅಂತ ಕಂಡೋನು ನಾನು," ಎಂದ. "ಕಂಡೂ ಅಡೀಕೆ ಓದೆ. ಕುಂತ್ಕೊ. ಇನ್ನೊಂದು ಮಾತು ಯೋಳ್ತೀನಿ, ಬೇಜಾರ್ ಮಾಡ್ಕಬ್ಯಾಡ. ನಾನ್ ಇನ್ಮ್ಯಾಕೆ ಗಾಡಿ ಅಡೀಕೆ ಓಗಾಕಿಲ್ಲ. ಕಣ್ ಮುಚ್ಚುದ್ರೆ ಎದೆ ಮ್ಯಾಲೆ ಬಂದ್ ಕುಂತ್ಕತದೆ."

"ನಾನ್ ಓಯ್ತೀನಿ," ಎಂದ ಸಿದ್ದರಾಜು.

ಯುಗಾದಿ ಕಳೆದು ಚೌಡಯ್ಯ ಎದ್ದು ಓಡಾಡುವಂತಾದ ಮೇಲೆ ಇಬ್ಬರೂ ಮತ್ತೆ ಜಾಕು ನೋಡಲು ಮಂಡ್ಯಕ್ಕೆ ಹೋದರು, ಬೇರೆ ಅಂಗಡಿಗೆ. ವೆಂಕಟೇಶಮೂರ್ತಿ ಕಾರು ತಂದರು. ಕಾರಿಗೆ ಸರಿಯಾದ ಸ್ಪ್ರಿಂಗು ಬೆಂಗಳೂರಿನಿಂದ ತರಿಸಿದ್ದರು, ಆದರೆ ಅದನ್ನು ಹಾಕಲು ಸಿದ್ದರಾಜುವೇ ಆಗಬೇಕು ಎಂದಿದ್ದರು. ಹಾಕಬೇಕಾದರೆ ಅದೇ ತಗ್ಗಿದ ಕಾರನ್ನು ಮತ್ತೊಮ್ಮೆ ಎತ್ತಲೇಬೇಕಿತ್ತು.

ಈ ಸಲ ಯಾರೂ ಆತುರಪಡಲಿಲ್ಲ. ಹೊಸ ಜಾಕು, ತಗ್ಗಾಗಿ ಉದ್ದವಾಗಿದ್ದದ್ದು ಒಂದು ಸಿಕ್ಕಿತು. ಕಾರನ್ನು ಎತ್ತಿ, ಬಂಪರಿಗೂ ನೆಲಕ್ಕೂ ನಡುವೆ ಒಂದು ಕಡ್ಡಿ ಕತ್ತರಿಸಿ ಆನಿಸಿ ನಿಲ್ಲಿಸಿ, ಮೂವರೂ ಹೋಟೆಲಿಗೆ ಹೋಗಿ ಊಟ ಮಾಡಿದರು. ಕಾರು ಒಂದು ಎಳೆಯಷ್ಟು ಇಳಿದರೂ ಕಡ್ಡಿ ಬಾಗಬೇಕು. ತಿರುಗಿ ಬಂದಾಗ ಕಡ್ಡಿ ನೆಟ್ಟಗೆ ನಿಂತಿತ್ತು. ಚೌಡಯ್ಯ ಸರಿಯಿದ್ದ ಕೈಯನ್ನು ಕೊಳವೆಯ ಸುತ್ತ ಆಡಿಸಿ ಬೆರಳು ನೋಡಿಕೊಂಡ. ಒಣಗಿತ್ತು. ಆದರೂ ಮದ್ದೂರಿಗೆ ಹೊರಡುವ ಮೊದಲು ಮರದ ಮಂಡಿಗೆ ಹೋಗಿ ನಾಲ್ಕು ಹೊಸ ದಿಮ್ಮಿ ಕೊಯ್ಯಿಸಿಕೊಂಡರು.

ಸ್ಪ್ರಿಂಗು ಹಾಕುವ ದಿನ ಸಿದ್ದರಾಜು ಬೆಳಗಿನಿಂದ ಏನೇನೋ ನೆಪ ತೆಗೆದ. ಸ್ಪಾನರು ಒರೆಸಿದ, ಕಸ ಗುಡಿಸಿದ, ನೀರು ಕುಡಿದ. ಕಾರು ಎತ್ತಿ ಆಗಿತ್ತು, ದಿಮ್ಮಿ ಕೊಟ್ಟು ಆಗಿತ್ತು, ಚೌಡಯ್ಯ ಬಲಹೆಗಲು ಕೊಟ್ಟು ಕಾರನ್ನು ಅಲ್ಲಾಡಿಸಿ ನೋಡಿಯೂ ಆಗಿತ್ತು. ಕೊನೆಗೆ ಸಿದ್ದರಾಜು ಗೋಣಿಚೀಲ ಹಾಸಿಕೊಂಡು ಅಂಗಾತ ಮಲಗಿ, ಹೊಟ್ಟೆ ಒಳಗೆಳೆದುಕೊಂಡು, ನುಸುಳಿದ.

ಒಳಗೆ ಕತ್ತಲು. ಕಬ್ಬಿಣ ಮೂಗಿನ ಮೇಲೇ ಇತ್ತು. ಬಾವ ಇಷ್ಟು ವರ್ಷ ಗಾಡಿಗಳಡಿ ಹೀಗೆ ಮಲಗಿ ಹಾಡು ಗುನುಗುತ್ತಿದ್ದನೇ ಎಂದು ಅವನಿಗೆ ನಂಬಿಕೆಯಾಗಲಿಲ್ಲ. ಸ್ಪಾನರು ಬೋಲ್ಟಿಗೆ ಕೂರಲೊಲ್ಲದು. ಬೆವರು ಕಣ್ಣಿಗಿಳಿಯಿತು.

"ಏನ್ಲಾ, ಸದ್ದೇ ಇಲ್ವಲ್ಲ," ಎಂದ ಚೌಡಯ್ಯ ಹೊರಗಿನಿಂದ.

"ಇವ್ನಿ ಬಾವ," ಎಂದ ಸಿದ್ದರಾಜು. "ನೀನು ಮಾತಾಡ್ತಾ ಇರು. ಏನಾದ್ರೂ ಸರಿ, ನಿಲ್ಲಿಸ್ಬ್ಯಾಡ."

ಚೌಡಯ್ಯ ದಿಮ್ಮಿಯ ಪಕ್ಕದಲ್ಲೇ ಕುಕ್ಕುರುಗಾಲಲ್ಲಿ ಕೂತು, ತಾನು ಸಾಕಬೇಕೆಂದಿರುವ ಕುರಿಯ ವಿಷಯ ಶುರು ಮಾಡಿದ. ಯಾವ ಊರಿನ ಯಾರ ಹತ್ತಿರ ಮರಿ ಚೆನ್ನಾಗಿವೆ, ಕಿವಿ ಹೇಗಿರಬೇಕು, ಕೊಟ್ಟಿಗೆ ಎಲ್ಲಿ ಹಾಕಬೇಕು. ತಂಗಿ ಇಂದ್ರಮ್ಮ ಬೇಡ ಅಂದರೆ ಏನು ಹೇಳಬೇಕು. ಅವನು ನಿಧಾನವಾಗಿ, ಉಸಿರಿಗೆ ನಿಲ್ಲಿಸಿ ನಿಲ್ಲಿಸಿ ಮಾತಾಡುತ್ತಲೇ ಇದ್ದ. ಸಿದ್ದರಾಜು ಕಣ್ಣು ಮುಚ್ಚಿ, ಬೆರಳಿನಲ್ಲೇ ಬೋಲ್ಟನ್ನು ಹುಡುಕಿ, ಸ್ಪಾನರು ಕೂರಿಸಿ ತಿರುಗಿಸಿದ.